ಪಾಯಿಂಟ್ ದರಕ್ಕಿಂತ ಮೊದಲು: ಹೊಸ ಎಲೆಕ್ಟ್ರಿಕಲ್ ಗುತ್ತಿಗೆದಾರರು ಕೆಲಸಕ್ಕೆ ಬೆಲೆ ಕಟ್ಟುವ ಕ್ರಮ

ಬೇರೊಬ್ಬರ ಕೈಕೆಳಗೆ ಹಲವು ವರ್ಷ ವೈರಿಂಗ್ ಮಾಡಿ, ಲೈಸೆನ್ಸ್ ಪಡೆದು ಸ್ವಂತವಾಗಿ ಗುತ್ತಿಗೆ ಹಿಡಿಯಲು ಹೊರಟವರಿಗೆ ಮನೆ ಕಟ್ಟಿಸುವವರಿಂದ ಎದುರಾಗುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಪಾಯಿಂಟ್‌ಗೆ ಎಷ್ಟು ತಗೋತೀರಿ?" ಪಾಯಿಂಟ್ ಎಂದರೆ ವೈರ್ ಎಳೆದು ಕೊಡಬೇಕಾದ ಒಂದೊಂದು ಲೈಟು, ಫ್ಯಾನು ಅಥವಾ ಸಾಕೆಟ್ಟಿನ ಜಾಗ. ಊರಿನಲ್ಲಿ ನಡೆಯುತ್ತಿರುವ ದರವನ್ನೋ ಅದಕ್ಕಿಂತ ಸ್ವಲ್ಪ ಕಡಿಮೆ ದರವನ್ನೋ ಹೇಳಿ ಕೆಲಸ ಒಪ್ಪಿಕೊಳ್ಳುವುದು ರೂಢಿ. ಆದರೆ ಆ ದರವನ್ನು ಹೇಳುತ್ತಿರುವ ಇನ್ನೊಬ್ಬ ಗುತ್ತಿಗೆದಾರನಿಗೆ ಸ್ವಂತ ಮನೆ ಇರಬಹುದು, ತಮ್ಮನೇ ಹೆಲ್ಪರ್ ಆಗಿರಬಹುದು, ಅಥವಾ ಆತನೂ ನಷ್ಟದಲ್ಲೇ ನಡೆಸುತ್ತಿರಬಹುದು. ಪಾಯಿಂಟ್ ದರ ಲೆಕ್ಕದ ಕೊನೆಯಲ್ಲಿ ಬರಬೇಕಾದ ಅಂಕಿ. ಲೆಕ್ಕ ಆರಂಭವಾಗಬೇಕಾದದ್ದು ನಿಮ್ಮ ಒಂದು ದಿನದ ವೆಚ್ಚದಿಂದ. ಕೆಳಗಿನ ರೂಪಾಯಿ ಅಂಕಿಗಳನ್ನು ಕ್ರಮ ತೋರಿಸುವುದಕ್ಕಾಗಿ ಮಾತ್ರ ಇಟ್ಟುಕೊಂಡಿದೆ. ಅವುಗಳ ಜಾಗದಲ್ಲಿ ನಿಮ್ಮ ಊರಿನ ಕೂಲಿಯನ್ನೂ ನಿಮ್ಮ ಖರ್ಚನ್ನೂ ಹಾಕಿಕೊಳ್ಳಬೇಕು.

1. ಒಂದು ದಿನದ ವೆಚ್ಚವನ್ನು ಕಂಡುಕೊಳ್ಳಿ

ಮೊದಲು ನಿಮಗೆ ನೀವೇ ಕೊಟ್ಟುಕೊಳ್ಳಬೇಕಾದ ತಿಂಗಳ ಸಂಬಳವನ್ನು ಬರೆದುಕೊಳ್ಳಿ. ಇದು ಲಾಭವಲ್ಲ, ಇದೇ ಕೆಲಸವನ್ನು ಬೇರೆಯವರ ಬಳಿ ಮಾಡಿದ್ದರೆ ಸಿಗುತ್ತಿದ್ದ ಹಣ. ಅದರ ಕೆಳಗೆ, ಕೆಲಸ ಇದ್ದರೂ ಇಲ್ಲದಿದ್ದರೂ ತಪ್ಪದ ಖರ್ಚುಗಳನ್ನು ಸೇರಿಸಿ: ಗಾಡಿಯ ಪೆಟ್ರೋಲ್ ಮತ್ತು ರಿಪೇರಿ, ಫೋನು, ಡ್ರಿಲ್, ಗೋಡೆ ಕತ್ತರಿಸುವ ಮಷಿನ್ ಮತ್ತು ವೈರಿನ ಇನ್ಸುಲೇಶನ್ (ಹೊದಿಕೆ) ಪರೀಕ್ಷಿಸುವ ಮೆಗ್ಗರ್‌ನಂಥ ಉಪಕರಣಗಳ ಸವಕಳಿ, ಬಿಟ್ ಮತ್ತು ಬ್ಲೇಡ್, ಅಪಘಾತ ವಿಮೆ, ಲೈಸೆನ್ಸ್ ನವೀಕರಣ, ಆಡಿಟರ್ ಫೀಸು. ಸಂಬಳ 28,000, ಉಳಿದ ಖರ್ಚು 8,000 ಎಂದಿಟ್ಟುಕೊಂಡರೆ ತಿಂಗಳಿಗೆ 36,000 ರೂಪಾಯಿ ಆಯಿತು.

ಈ ಮೊತ್ತವನ್ನು ಎಷ್ಟು ದಿನಗಳಿಂದ ಭಾಗಿಸಬೇಕು ಎಂಬಲ್ಲೇ ಹೆಚ್ಚಿನವರ ಲೆಕ್ಕ ದಾರಿ ತಪ್ಪುತ್ತದೆ. ಭಾನುವಾರ ಬಿಟ್ಟರೆ ತಿಂಗಳಿಗೆ 26 ದಿನ ಎನ್ನುವುದು ಸಂಬಳಕ್ಕೆ ದುಡಿಯುವವನ ಲೆಕ್ಕ. ಗುತ್ತಿಗೆದಾರನಾದ ಮೇಲೆ ಸೈಟು ನೋಡಲು ಹೋಗುವುದು, ಕೊಟೇಶನ್ ಬರೆಯುವುದು, ಅಂಗಡಿ ಸುತ್ತುವುದು, ವಿದ್ಯುತ್ ಕಂಪನಿಯ ಕಚೇರಿಯಲ್ಲಿ ಕಾಯುವುದು, ಸೆಂಟ್ರಿಂಗ್ ಮುಗಿದಿಲ್ಲ ಎಂದು ಸೈಟಿನಿಂದ ವಾಪಸ್ ಬರುವುದು, ಬಾಕಿ ಹಣ ಕೇಳಲು ಓಡಾಡುವುದು ಇವೆಲ್ಲವೂ ದಿನಗಳನ್ನು ನುಂಗುತ್ತವೆ, ಮತ್ತು ಇವುಗಳಿಗೆ ಯಾರೂ ಬಿಲ್ ಕೊಡುವುದಿಲ್ಲ. ಹಣ ತರುವ ದಿನಗಳು ತಿಂಗಳಿಗೆ 18 ಎಂದು ಹಿಡಿದರೆ ದಿನದ ವೆಚ್ಚ 2,000 ರೂಪಾಯಿ. 26ರಿಂದ ಭಾಗಿಸಿದರೆ ಅದು ಸುಮಾರು 1,385ಕ್ಕೆ ಇಳಿದು, ಕಾಗದದ ಮೇಲೆ ನೀವು ಅಗ್ಗವಾಗಿ ಕಾಣುತ್ತೀರಿ. ದಿನಕ್ಕೆ 615 ರೂಪಾಯಿಯ ಈ ವ್ಯತ್ಯಾಸ ಏನು ಮಾಡುತ್ತದೆ ಎಂಬುದು ಮುಂದಿನ ಉದಾಹರಣೆಯಲ್ಲಿ ತಿಳಿಯುತ್ತದೆ.

ಹೆಲ್ಪರ್‌ನ ಲೆಕ್ಕವೂ ಹೀಗೆಯೇ. ಕೈಗೆ ಕೊಡುವ ಕೂಲಿಯ ಜೊತೆಗೆ ಊಟ, ಕಾಫಿ, ಬಸ್ ಚಾರ್ಜು, ಕೆಲಸವಿಲ್ಲದ ದಿನ ಆತ ಬೇರೆ ಕಡೆ ಹೋಗದಿರಲೆಂದು ಕೊಡುವ ಅರ್ಧ ಕೂಲಿ ಇವನ್ನೂ ಸೇರಿಸಬೇಕು. ಎಲ್ಲ ಸೇರಿ ದಿನಕ್ಕೆ 900 ಎಂದುಕೊಳ್ಳೋಣ. ಅಲ್ಲಿಗೆ ಇಬ್ಬರ ಜೋಡಿಗೆ ದಿನಕ್ಕೆ 2,900 ರೂಪಾಯಿ.

2. ಕೆಲಸವನ್ನು ಹಂತಗಳಾಗಿ ಬಿಡಿಸಿ, ದಿನಗಳನ್ನು ಎಣಿಸಿ

30×40 ಸೈಟಿನಲ್ಲಿ ಸುಮಾರು 1,000 ಚದರಡಿಯ, ಎರಡು ಬೆಡ್‌ರೂಮಿನ ನೆಲಮಹಡಿ ಮನೆಯನ್ನು ತೆಗೆದುಕೊಳ್ಳೋಣ. ಸಾಮಾನನ್ನು ಮನೆಯವರೇ ಕೊಡಿಸುತ್ತಾರೆ, ನಿಮ್ಮದು ಕೂಲಿ ಗುತ್ತಿಗೆ ಮಾತ್ರ. ಕಾಂಕ್ರೀಟ್ ಸುರಿಯುವ ಮೊದಲು ಸ್ಲ್ಯಾಬಿನ ಕಂಬಿಗಳ ನಡುವೆ ಪೈಪ್ ಮತ್ತು ಫ್ಯಾನ್ ಬಾಕ್ಸ್ ಕೂರಿಸಲು ಒಂದು ದಿನ. ಗೋಡೆ ಕತ್ತರಿಸಿ ಪೈಪ್ ಇಳಿಸಿ ಬೋರ್ಡ್ ಬಾಕ್ಸ್‌ಗಳನ್ನು ಮಟ್ಟಸವಾಗಿ ಕೂರಿಸಲು ನಾಲ್ಕು ದಿನ. ಪ್ಲಾಸ್ಟರಿಂಗ್ ಆದ ಮೇಲೆ ವೈರ್ ಎಳೆಯಲು ಮೂರು ದಿನ. ಸ್ವಿಚ್, ಸಾಕೆಟ್ ಮತ್ತು ಡಿಬಿ (ಮನೆಯ ಎಲ್ಲ ಸಾಲುಗಳಿಗೆ ವಿದ್ಯುತ್ ಹಂಚುವ ಬೋರ್ಡ್) ಜೋಡಣೆಗೆ ಎರಡು ದಿನ. ಲೈಟು, ಫ್ಯಾನು ಹಾಕಲು ಒಂದು ದಿನ. ಪರೀಕ್ಷೆ ಮತ್ತು ಸಣ್ಣಪುಟ್ಟ ಸರಿಪಡಿಕೆಗೆ ಒಂದು ದಿನ. ಒಟ್ಟು 12 ದಿನ.

12 ದಿನಕ್ಕೆ 2,900ರಂತೆ 34,800 ರೂಪಾಯಿ. ಇದಕ್ಕೆ ಕಾಣದ ತೊಂದರೆಗಳಿಗಾಗಿ ಶೇ 5, ಅಂದರೆ 1,740 ಸೇರಿಸಿದರೆ 36,540. ಪ್ಲಾಸ್ಟರಿಂಗ್‌ನವರು ಪೈಪಿನೊಳಗೆ ಗಾರೆ ತುಂಬಿಸಿ ವೈರ್ ಹೋಗದಂತೆ ಮಾಡಿಟ್ಟಿರುವುದು, ಕಾಂಕ್ರೀಟ್ ವೈಬ್ರೇಟರ್ ತಗುಲಿ ಪೈಪಿನ ಜಾಯಿಂಟ್ ಬಿಟ್ಟುಕೊಂಡಿರುವುದು ಇಂಥವೆಲ್ಲ ಪ್ರತಿ ಮನೆಯಲ್ಲೂ ಆಗದಿದ್ದರೂ ಹಲವು ಮನೆಗಳಲ್ಲಿ ಆಗುತ್ತವೆ. ಈ ಶೇ 5 ಅವಕ್ಕೆ.

ಇನ್ನು ಲಾಭ. ಬಿಲ್ ಮೊತ್ತದಲ್ಲಿ ಶೇ 10 ಲಾಭ ಉಳಿಯಬೇಕೆಂದರೆ ವೆಚ್ಚಕ್ಕೆ ಶೇ 10 ಕೂಡಿಸಿದರೆ ಸಾಲದು, ವೆಚ್ಚವನ್ನು 0.9ರಿಂದ ಭಾಗಿಸಬೇಕು. ಸಣ್ಣ ಅಂಕಿಗಳಲ್ಲಿ ವ್ಯತ್ಯಾಸ ಕಾಣದಿದ್ದರೂ ಶೇಕಡಾವಾರು ಏರಿದಂತೆ ಅದು ದೊಡ್ಡದಾಗುತ್ತದೆ: ವೆಚ್ಚಕ್ಕೆ ಶೇ 25 ಸೇರಿಸಿದವನಿಗೆ ಬಿಲ್ಲಿನಲ್ಲಿ ಉಳಿಯುವುದು ಶೇ 20 ಮಾತ್ರ. 36,540ನ್ನು 0.9ರಿಂದ ಭಾಗಿಸಿದರೆ 40,600. ಇದು ಈ ಮನೆಯ ಕೂಲಿ ಗುತ್ತಿಗೆಯ ಬೆಲೆ, ಅದರಲ್ಲಿ ಲಾಭ 4,060. ಹಿಂದೆ ಹೇಳಿದ 615 ರೂಪಾಯಿಯನ್ನು 12 ದಿನಕ್ಕೆ ಗುಣಿಸಿ ನೋಡಿ: ಸುಮಾರು 7,400. ತಿಂಗಳಿಗೆ 26 ದಿನವೆಂದು ಭಾಗಿಸಿ ದರ ಹೇಳಿದ್ದರೆ ಲಾಭವೆಲ್ಲ ಹೋಗಿ ನಿಮ್ಮ ಸಂಬಳದಿಂದಲೂ ಮೂರು ಸಾವಿರಕ್ಕಿಂತ ಹೆಚ್ಚು ಕೈಬಿಡುತ್ತಿತ್ತು.

ಸರ್ಕಾರಿ ಕಾಮಗಾರಿಗಳ ದರ ವಿಶ್ಲೇಷಣೆಯನ್ನು ನೋಡಿದವರಿಗೆ, ಕೇಂದ್ರ ಲೋಕೋಪಯೋಗಿ ಇಲಾಖೆ ಗುತ್ತಿಗೆದಾರನ ಲಾಭ ಮತ್ತು ಮೇಲ್ವೆಚ್ಚ (ಕೆಲಸ ಇದ್ದರೂ ಇಲ್ಲದಿದ್ದರೂ ತಪ್ಪದ ಖರ್ಚು) ಎರಡಕ್ಕೂ ಸೇರಿ ಶೇ 15 ಇಡುತ್ತದೆ ಎಂಬುದು ಗೊತ್ತಿರುತ್ತದೆ. ಹತ್ತಾರು ಜನರನ್ನು ಒಟ್ಟಿಗೆ ದುಡಿಸುವ ಸಂಸ್ಥೆಗೆ ಆ ಪ್ರಮಾಣ ಸಾಕಾಗಬಹುದು. ನಮ್ಮ ಉದಾಹರಣೆಯಲ್ಲಿ ತಿಂಗಳ 36,000ದಲ್ಲಿ 8,000 ಬರೀ ಮೇಲ್ವೆಚ್ಚ. ಒಬ್ಬನೇ ದುಡಿಯುವವನು ಆ ಶೇ 15ನ್ನು ಮಾದರಿಯಾಗಿ ಇಟ್ಟುಕೊಳ್ಳಬಾರದು ಎಂಬುದು ನನ್ನ ಅಭಿಪ್ರಾಯ.

3. ಈಗ ಪಾಯಿಂಟ್ ದರಕ್ಕೆ ಇಳಿಸಿ

ಗಿರಾಕಿಗೆ ಪಾಯಿಂಟ್ ಲೆಕ್ಕದಲ್ಲೇ ಉತ್ತರ ಬೇಕಾಗಿರುತ್ತದೆ, ಆದ್ದರಿಂದ 40,600ನ್ನು ಪಾಯಿಂಟುಗಳಿಗೆ ಹಂಚಬೇಕು. ಎಲ್ಲ ಪಾಯಿಂಟುಗಳಿಗೂ ಒಂದೇ ದರ ಹಾಕಿದರೆ ಏಸಿ ಪಾಯಿಂಟ್ ಹೆಚ್ಚಿರುವ ಮನೆಯಲ್ಲಿ ನಿಮಗೂ, ಬಲ್ಬ್ ಪಾಯಿಂಟ್ ಹೆಚ್ಚಿರುವ ಮನೆಯಲ್ಲಿ ಗಿರಾಕಿಗೂ ಅನ್ಯಾಯ. ಪ್ರತಿಯೊಂದಕ್ಕೂ ತೂಕ ಕೊಡುವುದು ಉತ್ತಮ. ಸಾಮಾನ್ಯ ಲೈಟ್, ಫ್ಯಾನ್ ಅಥವಾ 6 ಆಂಪಿಯರ್ ಸಾಕೆಟ್ಟಿಗೆ 1. ಬಾಗಿಲ ಬಳಿಯೂ ಮಂಚದ ಬಳಿಯೂ ಸ್ವಿಚ್ ಇರುವ ಟೂ-ವೇ ಪಾಯಿಂಟಿಗೆ ಒಂದೂವರೆ. 16 ಆಂಪಿಯರ್ ಪವರ್ ಪಾಯಿಂಟಿಗೆ ಒಂದೂವರೆ. ಡಿಬಿಯಿಂದ ನೇರವಾಗಿ ಲೈನ್ ಎಳೆಯಬೇಕಾದ ಏಸಿ, ಗೀಸರ್‌ಗಳಿಗೆ 2. ಡಿಬಿ ಮತ್ತು ಮೀಟರ್ ಬೋರ್ಡ್ ಎರಡಕ್ಕೂ ಸೇರಿ 10.

ನಮ್ಮ ಮನೆಯಲ್ಲಿ 56 ಸಾಮಾನ್ಯ ಪಾಯಿಂಟ್, 8 ಟೂ-ವೇ, 8 ಪವರ್, 5 ಏಸಿ ಮತ್ತು ಗೀಸರ್ ಇವೆ ಎಂದರೆ ಒಟ್ಟು ತೂಕ 100. ಆದ್ದರಿಂದ ಸಾಮಾನ್ಯ ಪಾಯಿಂಟಿಗೆ 406, ಟೂ-ವೇಗೆ ಮತ್ತು ಪವರ್ ಪಾಯಿಂಟಿಗೆ 609, ಏಸಿಗೆ 812 ರೂಪಾಯಿ ಬರುತ್ತದೆ. ಈ ದರ ಊರಿನ ದರಕ್ಕಿಂತ ತೀರಾ ಹೆಚ್ಚಿದ್ದರೆ ಅಂಕಿಯನ್ನು ಸುಮ್ಮನೆ ಕತ್ತರಿಸುವ ಬದಲು ಹಿಂದಕ್ಕೆ ಹೋಗಿ, ದಿನಗಳು ಹೆಚ್ಚಾಗಿವೆಯೇ, ಮೇಲ್ವೆಚ್ಚ ಹೆಚ್ಚಾಗಿದೆಯೇ ಎಂದು ನೋಡಿ. ಎರಡೂ ಸರಿಯಾಗಿದ್ದು ಆ ಊರಿನಲ್ಲಿ ಆ ಬೆಲೆ ಸಿಗುವುದಿಲ್ಲವೆಂದರೆ, ಆ ಬಗೆಯ ಕೆಲಸವನ್ನು ಬಿಟ್ಟು ಬೇರೆ ಬಗೆಯದನ್ನು ಹುಡುಕುವುದೂ ಒಂದು ನಿರ್ಧಾರವೇ.

ಚದರಡಿ ದರ ಕೇಳುವವರೂ ಇದ್ದಾರೆ. ಈ ಮನೆಗೆ ಅದು 40 ರೂಪಾಯಿ 60 ಪೈಸೆ ಆಗುತ್ತದೆ. ಆದರೆ ಅಷ್ಟೇ ವಿಸ್ತೀರ್ಣದ ಇನ್ನೊಂದು ಮನೆಯಲ್ಲಿ ಫಾಲ್ಸ್ ಸೀಲಿಂಗ್ ಮಾಡಿಸಿ ಮೂವತ್ತು ಲೈಟು ಹೆಚ್ಚು ಹಾಕಿಸಿಕೊಂಡರೆ ಗುತ್ತಿಗೆದಾರನ ಗತಿಯೇನು? ಚದರಡಿ ದರ ಒಪ್ಪುವುದಾದರೆ "ಇಷ್ಟು ಪಾಯಿಂಟುಗಳವರೆಗೆ" ಎಂಬ ಮಿತಿಯನ್ನು ಅದೇ ಸಾಲಿನಲ್ಲಿ ಬರೆಯಿರಿ.

4. ಸಾಮಾನು ಸಹಿತ ಗುತ್ತಿಗೆ: ವೈರ್ ಅಳತೆಯಿಂದ ಶುರುವಾಗಲಿ

ಸಾಮಾನನ್ನೂ ಒಪ್ಪಿಕೊಂಡಾಗ "ಅಂದಾಜು ಹನ್ನೆರಡು ಕಾಯಿಲ್ ಬೇಕಾಗುತ್ತೆ" ಎಂಬ ಮಾತಿನ ಮೇಲೆ ಬೆಲೆ ಹೇಳಬಾರದು; ನಕ್ಷೆ ಹಿಡಿದು ಪ್ರತಿ ಪಾಯಿಂಟನ್ನೂ ಅಳೆಯಬೇಕು. ಒಂದು ಫ್ಯಾನ್ ಪಾಯಿಂಟನ್ನೇ ನೋಡಿ. ಸ್ವಿಚ್ ಬೋರ್ಡ್ ನೆಲದಿಂದ 1.2 ಮೀಟರ್ ಎತ್ತರದಲ್ಲಿದೆ, ಸ್ಲ್ಯಾಬ್ 3 ಮೀಟರಿನಲ್ಲಿದೆ. ಗೋಡೆಯಲ್ಲಿ ಮೇಲಕ್ಕೆ 1.8 ಮೀಟರ್, ಅಲ್ಲಿಂದ ಕೋಣೆಯ ನಡುವಿಗೆ 2.5 ಮೀಟರ್, ಎರಡು ತುದಿಗಳಲ್ಲಿ ಜೋಡಣೆಗೆ ಬಿಡುವ ವೈರ್ ಅರ್ಧ ಮೀಟರ್. ಒಟ್ಟು 4.8 ಮೀಟರ್. ಫೇಸ್, ನ್ಯೂಟ್ರಲ್, ಅರ್ತ್ ಮೂರೂ ಹೋಗಬೇಕಾದ್ದರಿಂದ 14.4 ಮೀಟರ್ ವೈರ್. 90 ಮೀಟರಿನ ಕಾಯಿಲಿನಲ್ಲಿ ಇಂಥ ಆರು ಪಾಯಿಂಟುಗಳಿಗೆ 86.4 ಮೀಟರ್ ಹೋಗಿ 3.6 ಮೀಟರ್ ಉಳಿಯುತ್ತದೆ, ಮತ್ತು ಆ ತುಂಡು ಇನ್ನೊಂದು ಫ್ಯಾನಿಗೆ ಸಾಲುವುದಿಲ್ಲ. ಸ್ಕ್ರ್ಯಾಪ್ ಚೀಲಕ್ಕೆ ಬೀಳುವ ಈ ತುಂಡುಗಳೇ ನಿಮ್ಮ ವೇಸ್ಟೇಜ್. ಅಳತೆಯ ಮೇಲೆ ಶೇ 5ರಿಂದ 10 ಹೆಚ್ಚುವರಿ ಇಡುವುದು ಇದಕ್ಕಾಗಿ.

ಸಾಮಾನಿನ ಹೆಸರು, ಬ್ರ್ಯಾಂಡ್, ಅಳತೆ ಕೊಟೇಶನ್ನಿನಲ್ಲಿ ಸ್ಪಷ್ಟವಾಗಿರಬೇಕು: ಲೈಟ್ ಸಾಲಿಗೆ 1.5 ಚದರ ಮಿ.ಮೀ. ವೈರೋ ಅಥವಾ 1ರದ್ದೋ, ಪವರ್ ಪಾಯಿಂಟಿಗೆ 2.5ರದ್ದೋ 4ರದ್ದೋ, ಎಫ್‌ಆರ್ (ಬೆಂಕಿ ಬೇಗ ಹರಡದ) ವೈರೋ ಎಫ್‌ಆರ್‌ಎಲ್‌ಎಸ್ (ಹೊಗೆಯೂ ಕಡಿಮೆ ಬರುವ) ವೈರೋ, ಪೈಪ್ ಮೀಡಿಯಂ ದರ್ಜೆಯದೋ ಹೆವಿಯೋ, 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿಯೇ ಲೈನ್ ಕಡಿಯುವ ಸ್ವಿಚ್) ಇದೆಯೋ ಇಲ್ಲವೋ. ಇವನ್ನು ಬರೆಯದ ಕೊಟೇಶನ್ ಪಕ್ಕದವನ ಅಗ್ಗದ ಕೊಟೇಶನ್ನಿನ ಎದುರು ಸೋಲುತ್ತದೆ, ಏಕೆಂದರೆ ಎರಡು ಕಾಗದಗಳಲ್ಲಿ ಗಿರಾಕಿಗೆ ಕಾಣುವುದು ಕೊನೆಯ ಮೊತ್ತ ಮಾತ್ರ.

ವೈರಿನ ಬೆಲೆ ತಾಮ್ರದ ಬೆಲೆಯ ಬೆನ್ನು ಹತ್ತಿ ಹೋಗುತ್ತದೆ. ಲಂಡನ್ ಲೋಹ ಮಾರುಕಟ್ಟೆಯ ದರ ಮತ್ತು ಡಾಲರ್ ಬೆಲೆ ಏರಿದರೆ ವೈರ್ ಕಂಪನಿಗಳು ಪಟ್ಟಿ ದರವನ್ನು ಪರಿಷ್ಕರಿಸುತ್ತವೆ, ಆದರೆ ಸ್ಲ್ಯಾಬ್ ಪೈಪಿಂಗ್ ಆದ ದಿನಕ್ಕೂ ವೈರ್ ಎಳೆಯುವ ದಿನಕ್ಕೂ ನಡುವೆ ನಾಲ್ಕೈದು ತಿಂಗಳು ಕಳೆದಿರುತ್ತದೆ. ಆದ್ದರಿಂದ ಕೊಟೇಶನ್ 15 ದಿನಗಳವರೆಗೆ ಮಾತ್ರ ಎಂದು ಬರೆಯಿರಿ, ಮತ್ತು ವೈರನ್ನು ಖರೀದಿಸುವ ದಿನದ ಅಂಗಡಿ ಬಿಲ್ಲಿನ ದರ ಅನ್ವಯಿಸುತ್ತದೆ ಎಂಬ ಷರತ್ತು ಹಾಕಿ. ಅದಕ್ಕೆ ಒಪ್ಪದ ಗಿರಾಕಿಯಿಂದ ವೈರಿನ ಹಣವನ್ನು ಮುಂಚಿತವಾಗಿ ಪಡೆದು ಕಾಯಿಲುಗಳನ್ನು ಅವರ ಮನೆಯಲ್ಲೇ ಇಡಿಸಿ. ಸಾಮಾನಿನ ವೆಚ್ಚದ ಮೇಲೆ ಶೇ 8ರಿಂದ 10 ಸೇರಿಸುವುದು ದುರಾಸೆಯಲ್ಲ: ತರುವ ಬಾಡಿಗೆ, ಕೆಟ್ಟ ಸ್ವಿಚ್ಚನ್ನು ಬದಲಿಸಿ ಕೊಡುವ ಓಡಾಟ, ಸೈಟಿನಲ್ಲಿ ಕಳುವಾಗುವ ಸಾಮಾನು, ಅಂಗಡಿಯ ಉದ್ರಿಗೆ ಬೀಳುವ ಬಡ್ಡಿ ಎಲ್ಲವೂ ಅದರಲ್ಲಿ ಸೇರಿವೆ.

ಇಲ್ಲಿ ಅಂಗಡಿಯವರು ಎಲೆಕ್ಟ್ರಿಷಿಯನ್ನರಿಗೆ ಕೊಡುವ ಕಮಿಷನ್ ಬಗ್ಗೆಯೂ ಒಂದು ಮಾತು. ಕೂಲಿ ದರ ಇಳಿಸಿ, ಮನೆಯವರು ಕೊಳ್ಳುವ ಸಾಮಾನಿನ ಕಮಿಷನ್ನಿನಲ್ಲಿ ಸರಿದೂಗಿಸಿಕೊಳ್ಳುವ ಪದ್ಧತಿ ಎಲ್ಲರಿಗೂ ಗೊತ್ತಿರುವುದೇ. ಗಿರಾಕಿಯ ಭಾವಮೈದುನ ಬೇರೆ ಅಂಗಡಿಯಿಂದ ಸಾಮಾನು ತಂದ ದಿನ ಆ ಲೆಕ್ಕ ಕುಸಿಯುತ್ತದೆ. ಕಮಿಷನ್ ಇಲ್ಲದಿದ್ದರೂ ನಿಲ್ಲುವ ಕೂಲಿ ದರ ನಿಮ್ಮದಾಗಿರಲಿ.

5. ಪ್ರತ್ಯೇಕವಾಗಿ ಬರೆಯಬೇಕಾದವು

ಅರ್ತಿಂಗ್ ಗುಂಡಿಯನ್ನು ಒಟ್ಟು ಮೊತ್ತದಲ್ಲಿ ಸೇರಿಸಬೇಡಿ. ನಮ್ಮ ಬಯಲುಸೀಮೆಯ ಎಷ್ಟೋ ಬಡಾವಣೆಗಳಲ್ಲಿ ಮೂರಡಿ ಕೆಳಗೆ ಬಂಡೆ ಸಿಗುತ್ತದೆ. ಮಣ್ಣಿನ ದರ ಒಂದು, ಬಂಡೆ ಸಿಕ್ಕರೆ ಇನ್ನೊಂದು ಎಂದು ಎರಡೂ ಸಾಲು ಬರೆಯಿರಿ. ಹೊಸ ಸಂಪರ್ಕಕ್ಕೆ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಅಥವಾ ಸೆಸ್ಕ್‌ಗೆ ಕಟ್ಟುವ ಠೇವಣಿ ಮತ್ತು ಶುಲ್ಕಗಳನ್ನು ಮನೆಯವರೇ ನೇರವಾಗಿ ಕಟ್ಟಲಿ. ಅರ್ಜಿ ಸಿದ್ಧಪಡಿಸಿ ಕಾಮಗಾರಿ ಪೂರ್ಣಗೊಂಡ ವರದಿಗೆ ಸಹಿ ಹಾಕುವುದಕ್ಕೆ ನಿಮ್ಮ ಶುಲ್ಕ ಬೇರೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳ ಪ್ರಕಾರ ವೈರಿಂಗ್ ಕಾಮಗಾರಿಯನ್ನು ಲೈಸೆನ್ಸ್ ಪಡೆದ ಗುತ್ತಿಗೆದಾರರ ಮೂಲಕವೇ ಮಾಡಿಸಬೇಕು, ಆದ್ದರಿಂದ ಆ ಸಹಿಯ ಹಿಂದೆ ಹೊಣೆ ಇದೆ. ಬೇರೆಯವರು ಮಾಡಿದ ವೈರಿಂಗಿಗೆ ಅಲ್ಪ ಹಣಕ್ಕೆ ಸಹಿ ಮಾರುವವರು ತಮ್ಮ ಲೈಸೆನ್ಸನ್ನೇ ಅಡವಿಡುತ್ತಿದ್ದಾರೆ.

ಹಳೆಯ ಮನೆಯ ರೀವೈರಿಂಗಿಗೆ ಗೋಡೆ ಬಿಚ್ಚದೆ ಒಟ್ಟು ಬೆಲೆ ಹೇಳಬಾರದು. ಮೊದಲು ಶುಲ್ಕ ಪಡೆದು ಪರೀಕ್ಷೆ ಮಾಡಿ. ಮೆಗ್ಗರಿನಲ್ಲಿ 500 ವೋಲ್ಟ್ ಕೊಟ್ಟಾಗ ಇನ್ಸುಲೇಶನ್ ಕನಿಷ್ಠ 1 ಮೆಗಾಓಮ್ ತೋರಿಸದ ಸಾಲುಗಳನ್ನು ಗುರುತಿಸಿ, ಹಳೆಯ ಪೈಪಿನಲ್ಲಿ ವೈರ್ ಸರಾಗವಾಗಿ ಜಾರುತ್ತದೆಯೇ ಎಂದು ಒಂದೆರಡು ಕಡೆ ಎಳೆದು ನೋಡಿದ ಬಳಿಕ, ದಿನದ ಲೆಕ್ಕದಲ್ಲಿ ಬೆಲೆ ಒಪ್ಪಿಕೊಳ್ಳುವುದೇ ಸರಿ.

ರಿಪೇರಿ ಕರೆಗಳಿಗೆ ಕನಿಷ್ಠ ಭೇಟಿ ಶುಲ್ಕ ಇರಲಿ. ದಿನಕ್ಕೆ ನಾಲ್ಕು ಕರೆ ಮುಗಿಸಬಹುದಾದರೆ, ಒಬ್ಬರೇ ಹೋದರೂ 2,000 ರೂಪಾಯಿಯ ದಿನದಲ್ಲಿ ಒಂದು ಕರೆಗೆ 500ಕ್ಕಿಂತ ಕಡಿಮೆ ಪಡೆಯುವುದು ಕೈಯಿಂದ ಹಾಕಿಕೊಂಡಂತೆ.

6. ತೆರಿಗೆ

ವೈರಿಂಗಿನಂಥ ಸಾಮಾನು ಸಹಿತ ಕಾಮಗಾರಿ ಜಿಎಸ್‌ಟಿ ಕಾನೂನಿನಲ್ಲಿ ಸೇವೆಯೆಂದೇ ಗಣನೆಯಾಗುವುದರಿಂದ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ ರೂಪಾಯಿ ವಹಿವಾಟು. 40 ಲಕ್ಷದ ಮಿತಿ ಸರಕು ಮಾರುವವರಿಗೆ. ವಹಿವಾಟು ಎಂದರೆ ನಿಮ್ಮ ಲಾಭವಲ್ಲ, ಸಾಮಾನಿನ ಬೆಲೆಯೂ ಸೇರಿದ ಬಿಲ್ ಮೊತ್ತ. ಕೂಲಿ ಗುತ್ತಿಗೆಯಲ್ಲಿ ಆ ಮಿತಿ ದೂರವಿದ್ದರೂ ಸಾಮಾನು ಸಹಿತ ಮಾಡತೊಡಗಿದರೆ ಬೇಗ ಹತ್ತಿರ ಬರುತ್ತದೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳನ್ನು ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು ನೆನಪಿರಬಹುದು. ಗಿರಾಕಿ ಸಾಮಾನಿಗೆಂದು ನಿಮ್ಮ ಖಾತೆಗೆ ಹಾಕುವ ಹಣವೂ ಜಮೆಯಾಗಿಯೇ ಕಾಣುತ್ತದೆ. ಸಾಧ್ಯವಾದಲ್ಲಿ ಅವರೇ ಅಂಗಡಿಗೆ ನೇರವಾಗಿ ಕೊಟ್ಟು ಅವರ ಹೆಸರಿಗೇ ಬಿಲ್ ಪಡೆಯಲಿ.

ನೋಂದಣಿ ಇಲ್ಲದವರು ವೈರ್ ಕೊಳ್ಳುವಾಗ ಕೊಡುವ ಶೇ 18 ಜಿಎಸ್‌ಟಿ ವಾಪಸ್ ಬರುವುದಿಲ್ಲ, ಅದೂ ವೆಚ್ಚವೇ. ನೋಂದಣಿ ಆದವರು ಕೊಟೇಶನ್ನಿನಲ್ಲಿ "ಜಿಎಸ್‌ಟಿ ಪ್ರತ್ಯೇಕ" ಎಂದು ಬರೆಯಲು ಮರೆತರೆ ಆ ಶೇ 18 ತಮ್ಮ ಮೊತ್ತದೊಳಗಿಂದಲೇ ಹೋಗುತ್ತದೆ. ಕಂಪನಿಗಳಿಗೆ ಕೆಲಸ ಮಾಡಿದಾಗ ಒಂದು ಬಿಲ್ 30,000 ಅಥವಾ ವರ್ಷದ ಒಟ್ಟು 1 ಲಕ್ಷ ದಾಟಿದರೆ, ಒಬ್ಬರೇ ನಡೆಸುವ ವ್ಯವಹಾರಕ್ಕೆ ಶೇ 1 ಟಿಡಿಎಸ್ (ಹಣ ಕೊಡುವಾಗಲೇ ಕಡಿತವಾಗುವ ಆದಾಯ ತೆರಿಗೆ) ಮುರಿದುಕೊಳ್ಳುತ್ತಾರೆ. ರಿಟರ್ನ್ ಸಲ್ಲಿಸಿದಾಗ ಅದು ಲೆಕ್ಕಕ್ಕೆ ಬರುತ್ತದಾದ್ದರಿಂದ ಅದನ್ನು ಬೆಲೆಯಲ್ಲಿ ಸೇರಿಸಬೇಕಾಗಿಲ್ಲ.

7. ಕಂತುಗಳು ಮತ್ತು ಚೌಕಾಸಿ

ಹಣ ಕೆಲಸದ ಹಿಂದೆ ಬೀಳದಂತೆ ಕಂತುಗಳನ್ನು ಜೋಡಿಸಬೇಕು. ಅಡ್ವಾನ್ಸ್ ಶೇ 10, ಸ್ಲ್ಯಾಬ್ ಪೈಪಿಂಗ್ ಆದಾಗ 15, ಗೋಡೆಯ ಪೈಪ್ ಮತ್ತು ಬಾಕ್ಸ್ ಮುಗಿದಾಗ 25, ವೈರ್ ಎಳೆದಾಗ 25, ಸ್ವಿಚ್ ಮತ್ತು ಡಿಬಿ ಆದಾಗ 20, ಪರೀಕ್ಷೆಯ ನಂತರ 5. ಕೊನೆಗೆ ಉಳಿಯುವುದು 2,030 ರೂಪಾಯಿ ಮಾತ್ರ. ಅಷ್ಟಕ್ಕೆ ಯಾರ ಮನೆ ಬಾಗಿಲಲ್ಲೂ ತಿಂಗಳುಗಟ್ಟಲೆ ನಿಲ್ಲಬೇಕಾಗುವುದಿಲ್ಲ. ಸಾಮಾನು ಸಹಿತ ಗುತ್ತಿಗೆಯಲ್ಲಿ ವೈರ್ ಮತ್ತು ಸ್ವಿಚ್ ಖರೀದಿಗೆ ಮುನ್ನವೇ ಆ ಹಣ ಬರಬೇಕು.

ಕೊನೆಯ ಕಂತನ್ನು ಮೀಟರ್ ಸಂಪರ್ಕ ಬರುವುದಕ್ಕೆ ಕಟ್ಟಿಹಾಕಲು ಒಪ್ಪಬೇಡಿ. 2024ರ ಡಿಸೆಂಬರಿನ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ ವಿದ್ಯುತ್ ಕಂಪನಿಗಳು ಹೊಸ ಸಂಪರ್ಕಕ್ಕೆ ಸ್ವಾಧೀನಾನುಭವ ಪತ್ರ (ಕಟ್ಟಡ ಮಂಜೂರಾದ ನಕ್ಷೆಯಂತೆ ಇದೆ ಎಂದು ಕೊಡುವ ಓಸಿ) ಕೇಳತೊಡಗಿ, ರಾಜ್ಯದಲ್ಲಿ ಎಷ್ಟೋ ಹೊಸ ಕಟ್ಟಡಗಳ ಸಂಪರ್ಕ ನಿಂತುಹೋಯಿತು. ನಕ್ಷೆ ಮೀರಿ ಕಟ್ಟಿದವರು ಮನೆಯವರು, ಪತ್ರ ಕೊಡಬೇಕಾದದ್ದು ಸ್ಥಳೀಯ ಸಂಸ್ಥೆ. ಅದಕ್ಕಾಗಿ ವೈರಿಂಗ್ ಮಾಡಿದವನ ಹಣ ನಿಲ್ಲುವುದು ನ್ಯಾಯವಲ್ಲ. "ಪರೀಕ್ಷಾ ವರದಿ ಒಪ್ಪಿಸಿದ ಏಳು ದಿನದೊಳಗೆ" ಎಂದು ಬರೆಸಿ.

"ಇಲ್ಲೊಂದು ಪಾಯಿಂಟ್ ಹಾಕ್ಬಿಡಪ್ಪ" ಎಂಬ ಮಾತು ಪ್ರತಿ ಮನೆಯಲ್ಲೂ ಬರುತ್ತದೆ. ಪ್ಲಾಸ್ಟರಿಂಗ್‌ಗೆ ಮುಂಚೆ ಹೇಳಿದರೆ ಒಪ್ಪಿದ ಪಾಯಿಂಟ್ ದರ, ನಂತರವಾದರೆ ಎರಡರಷ್ಟು, ಬಣ್ಣ ಹೊಡೆದ ಮೇಲಾದರೆ ಮೂರರಷ್ಟು ಮತ್ತು ಗಾರೆ, ಬಣ್ಣದ ಖರ್ಚು ಬೇರೆ ಎಂದು ಮೊದಲೇ ಬರೆದಿಟ್ಟರೆ ಆಮೇಲೆ ಮುಖ ಸಿಂಡರಿಸುವ ಪ್ರಮೇಯವಿಲ್ಲ. ಹೇಳಿದ ದಿನವೇ ವಾಟ್ಸ್‌ಆ್ಯಪ್‌ನಲ್ಲಿ "ಅಡುಗೆಮನೆಗೆ 16 ಆಂಪಿಯರ್ ಪಾಯಿಂಟ್ ಒಂದು, 609 ರೂ., ಸರೀನಾ ಸಾರ್?" ಎಂದು ಕಳಿಸಿ ಉತ್ತರ ತರಿಸಿಕೊಳ್ಳಿ.

"ಕೊನೆ ರೇಟ್ ಹೇಳಿ" ಎಂದಾಗ ಶೇ 10 ಬಿಟ್ಟರೆ ಬಿಟ್ಟದ್ದು 4,060, ಅಂದರೆ ಇಡೀ ಲಾಭ. ದರ ಇಳಿಸುವ ಬದಲು ಕೆಲಸ ಇಳಿಸಿ: ಫ್ಯಾನು, ಲೈಟು ಹಾಕುವುದನ್ನು ಬಿಡಬಹುದು, ಟೂ-ವೇ ಪಾಯಿಂಟುಗಳನ್ನು ಕಡಿಮೆ ಮಾಡಬಹುದು, ಬಾಲ್ಕನಿಯ ಅಲಂಕಾರದ ಲೈಟುಗಳಿಗೆ ಪೈಪ್ ಮಾತ್ರ ಹಾಕಿ ಮುಂದೆ ವೈರ್ ಎಳೆಯಲು ಬಿಡಬಹುದು. ಆರ್‌ಸಿಸಿಬಿ, ಅರ್ತ್ ವೈರ್ ಮತ್ತು ವೈರಿನ ದಪ್ಪ ಈ ಮೂರನ್ನು ಮಾತ್ರ ಚೌಕಾಸಿಗೆ ಇಡಬಾರದು, ಗಿರಾಕಿಯೇ ಬೇಡವೆಂದರೂ.

8. ಕೆಲಸ ಮುಗಿದ ಮೇಲೆ

ಪ್ರತಿ ಮನೆಗೂ ನೋಟ್‌ಬುಕ್ಕಿನ ಒಂದು ಪುಟ ಇರಲಿ. ಎಡಕ್ಕೆ ಕೊಟೇಶನ್ನಿನಲ್ಲಿ ಹಿಡಿದ ದಿನಗಳು, ಬಲಕ್ಕೆ ನಿಜವಾಗಿ ಹಿಡಿದ ದಿನಗಳು, ಹಂತವಾರು. 12 ದಿನದ ಕೆಲಸ 14 ದಿನಕ್ಕೆ ಎಳೆದರೆ ಹೆಚ್ಚಾದ ವೆಚ್ಚ 5,800 ರೂಪಾಯಿ. ತೊಂದರೆಗೆಂದು ಇಟ್ಟ 1,740 ಮತ್ತು ಲಾಭದ 4,060 ಸೇರಿದರೂ ಅಷ್ಟೇ ಆಗುತ್ತದೆ, ಅಂದರೆ ಎರಡೇ ದಿನದಲ್ಲಿ ಎಲ್ಲವೂ ಕರಗಿತು. ಆ ಎರಡು ದಿನ ಗೋಡೆ ಕತ್ತರಿಸುವಲ್ಲಿ ಹೋದವೇ, ಸೈಟಿಗೆ ಹೋಗಿ ವಾಪಸ್ ಬಂದದ್ದರಲ್ಲಿ ಹೋದವೇ ಎಂಬುದು ಆ ಪುಟದಲ್ಲಿ ಕಾಣುತ್ತದೆ. ಕಾಂಕ್ರೀಟ್ ಬ್ಲಾಕಿನ ಗೋಡೆಗೆ ಇಟ್ಟಿಗೆ ಗೋಡೆಗಿಂತ ಹೆಚ್ಚು ಹೊತ್ತು ಹಿಡಿಯಿತು ಎಂದಾದರೆ ಮುಂದಿನ ಬ್ಲಾಕ್ ಮನೆಯ ಕೊಟೇಶನ್ನಿನಲ್ಲಿ ಆ ಹಂತಕ್ಕೆ ನಾಲ್ಕರ ಬದಲು ಐದು ದಿನ ಹಾಕಿ. ಸೈಟು ಸಿದ್ಧವಿಲ್ಲದೆ ಕರೆಸಿಕೊಂಡಿದ್ದರೆ, ಹಾಗೆ ಕರೆಸಿದ ಪ್ರತಿ ಬಾರಿಗೂ ಅರ್ಧ ದಿನದ ವೆಚ್ಚ 1,450 ರೂಪಾಯಿ ಪ್ರತ್ಯೇಕ ಎಂಬ ಸಾಲನ್ನು ಷರತ್ತುಗಳಲ್ಲಿ ಸೇರಿಸಿ.